ಕುದಿಸಿದವನೇ ಬಡಿಸಲಿ

ಪುಣೆಯ ಕೋರೆಗಾಂವ್ ಪಾರ್ಕ್, ಮುಂಢ್ವಾ, ಬಾಣೇರ್ ಕಡೆಯ ಕೆಲವು ಪಬ್‌ಗಳಲ್ಲಿ ಗಾಜಿನ ಗೋಡೆಯ ಹಿಂದೆ ಸ್ಟೀಲ್ ಹಂಡೆಗಳು ಸಾಲಾಗಿ ನಿಂತಿರುತ್ತವೆ. ಅವು ಅಲಂಕಾರಕ್ಕೆ ಇಟ್ಟವಲ್ಲ. ಅಲ್ಲೇ ಕುದಿದ ಬಾರ್ಲಿಯ ರಸ ಅಲ್ಲೇ ಹುದುಗಿ, ಅಲ್ಲೇ ಗ್ಲಾಸಿಗೆ ಇಳಿಯುತ್ತದೆ. 2009ರಲ್ಲಿ ಸುಕೇತು ತಳೇಕರ್ ಮತ್ತು ಪ್ರತೀಕ್ ಚತುರ್ವೇದಿ ಒಬ್ಬ ಜರ್ಮನ್ ಬ್ರೂಮಾಸ್ಟರನ್ನು ಜೊತೆಗಿಟ್ಟುಕೊಂಡು ಪುಣೆಯ ಕೊರಿಂಥಿಯನ್ಸ್ ಕ್ಲಬ್ಬಿನಲ್ಲಿ ಡೂಲಾಲಿಯನ್ನು ಶುರುಮಾಡಿದಾಗ ಇಂಥ ಅಂಗಡಿ ದೇಶಕ್ಕೇ ಹೊಸದಾಗಿತ್ತು. ಆಮೇಲೆ ಇಂಡಿಪೆಂಡೆನ್ಸ್ ಬ್ರೂಯಿಂಗ್ ಕಂಪನಿ, ಎಫಿಂಗಟ್, ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್ ಬಂದವು. ಜೇನಿನಿಂದ ಮೀಡ್ ತಯಾರಿಸುವ ಮೂನ್‌ಶೈನ್ ಮೀಡರಿಯೂ ಇದೇ ಊರಿನಲ್ಲಿ ಹುಟ್ಟಿತು. ತಾನು ತಯಾರಿಸಿದ್ದನ್ನು ತಾನೇ ಬಡಿಸುವ ಈ ಪದ್ಧತಿ ಇಂಗ್ಲೆಂಡಿನ ಹಳ್ಳಿ ಪಬ್ಬಿನ ತಿರುಳು. ವಿಚಿತ್ರವೆಂದರೆ, ಹಳ್ಳಿಯದಾದ ಆ ಪದ್ಧತಿ ಪುಣೆಯಲ್ಲಿ ನಗರದ ಅತ್ಯಂತ ದುಬಾರಿ ಬಡಾವಣೆಗಳಲ್ಲಿ ಮಾತ್ರ ನೆಲೆಯಾಗಿದೆ. ಸಜ್ಜೆ, ಜೋಳ ಬೆಳೆಯುವ ಶಿರೂರು, ಪುರಂದರ, ಜುನ್ನರ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಿಗುವುದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಟ್ಟಿಯಿಳಿಸಿ ಸೀಸೆಗೆ ತುಂಬಿದ ದೇಶೀ ದಾರೂ. ಇದಕ್ಕೆ ಜನರ ರುಚಿಯನ್ನು ದೂರಿ ಪ್ರಯೋಜನವಿಲ್ಲ. ನೂರೈವತ್ತು ವರ್ಷಗಳಿಂದ ನಡೆದುಬಂದ ಅಬಕಾರಿ ನೀತಿ ಇದನ್ನು ಹೀಗೆ ಮಾಡಿಟ್ಟಿದೆ. ಕುಡಿತವನ್ನು ನಿಜವಾಗಿ ಹದದಲ್ಲಿಡುವ ಇಚ್ಛೆ ಸರ್ಕಾರಕ್ಕಿದ್ದರೆ ಆ ನೀತಿಯನ್ನು ತಿರುಗಿಸಬೇಕು ಎಂಬುದು ಈ ಬರಹದ ವಾದ.

ಮೊದಲು ಇಂಥ ಹಂಡೆಗಳಿಗೆ ಒಗ್ಗುವ ಏಲ್ ಎಂಬ ಬಗೆಯ ಬಿಯರ್ ಎಂದರೇನು ಎಂಬುದನ್ನು ನೋಡೋಣ, ಏಕೆಂದರೆ ವಾದದ ಅರ್ಧ ಭಾಗ ಅದರ ತಯಾರಿಕೆಯಲ್ಲೇ ಇದೆ. ಮಗುವಿಗೆ ಮಾಲ್ಟ್ ಮಾಡಲು ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುವಂತೆಯೇ ಇಲ್ಲಿ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಅದನ್ನು ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ತಾಸು ಬಿಟ್ಟರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ರಸವನ್ನು ಸೋಸಿ, ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಲಾಗರ್ ಬಿಯರಿಗೆ ಹತ್ತು ಡಿಗ್ರಿ ಆಸುಪಾಸಿನ ತಂಪು, ಹಲವು ವಾರಗಳ ಕಾಯುವಿಕೆ ಬೇಕು. ಏಲ್ ಮಾತ್ರ 20 ಡಿಗ್ರಿ ಆಸುಪಾಸಿನಲ್ಲಿ ಕೆಲವೇ ದಿನಗಳಲ್ಲಿ ಹುದುಗುತ್ತದೆ, ಎರಡು ಮೂರು ವಾರಗಳಲ್ಲಿ ಕುಡಿಯಲು ಸಿದ್ಧವಾಗುತ್ತದೆ. ಹಾಗಾಗಿ ದೊಡ್ಡ ಶೀತಲ ಕೋಣೆಗಳಿಲ್ಲದ, 500 ಅಥವಾ 1000 ಲೀಟರಿನ ಹಂಡೆಯ ಸಣ್ಣ ಅಂಗಡಿಗೂ ಅದು ಒಗ್ಗುತ್ತದೆ. ಸೋಸಿ, ಪಾಶ್ಚರೀಕರಿಸಿ ಸೀಸೆಗೆ ತುಂಬದ ಇಂಥ ಏಲ್ ದೂರ ಸಾಗದು, ಬಹುಕಾಲ ಉಳಿಯದು. ವ್ಯಾಪಾರದ ಲೆಕ್ಕದಲ್ಲಿ ದೋಷವೆನಿಸುವ ಇದೇ ಸಂಗತಿ ಸಮಾಜದ ಲೆಕ್ಕದಲ್ಲಿ ಗುಣವಾಗುತ್ತದೆ. ಹತ್ತಿರದವರೇ ಕುಡಿಯಬೇಕಾದ್ದರಿಂದ ಕೆಟ್ಟದ್ದು ಕೊಟ್ಟವನು ಮರುದಿನ ಅದೇ ಮುಖಗಳನ್ನು ಎದುರಿಸಬೇಕು. ಹುದುಗುವಿಕೆಯಲ್ಲೇ ಒಂದು ಮಿತಿಯೂ ಇದೆ. ಸಾಮಾನ್ಯ ಏಲ್‌ನಲ್ಲಿ ಆಲ್ಕೋಹಾಲ್ ನೂರಕ್ಕೆ ನಾಲ್ಕೈದು ಪಾಲು. ಹುದುಗಿಸಿದ್ದನ್ನು ಬಟ್ಟಿಯಿಳಿಸಿದರೆ ಮಾತ್ರ ನಲವತ್ತಕ್ಕೇರುತ್ತದೆ.

ಇಂಗ್ಲೆಂಡಿನ ಅನುಭವ ಇಲ್ಲಿ ಪಾಠವಾಗಬಲ್ಲದು, ಅದೂ ಎರಡೂ ಕಡೆಯಿಂದ. ಜಿನ್ ಕುಡಿತ ಕಡಿಮೆ ಮಾಡಬೇಕೆಂದು 1830ರ ಬಿಯರ್ ಕಾಯಿದೆ ತೆರಿಗೆ ಕಟ್ಟುವ ಯಾವ ಮನೆಯೊಡೆಯನಿಗಾದರೂ ಎರಡು ಗಿನಿ ಶುಲ್ಕಕ್ಕೆ ತನ್ನ ಮನೆಯಲ್ಲೇ ಬಿಯರ್ ತಯಾರಿಸಿ ಮಾರುವ ಪರವಾನಗಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ಬಿಯರ್ ಮನೆಗಳು ತೆರೆದವು. ಅಕ್ಕಪಕ್ಕದವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ, ಗದ್ದಲ ಹೆಚ್ಚಿತು, 1869ರಲ್ಲಿ ಸ್ಥಳೀಯ ಮ್ಯಾಜಿಸ್ಟ್ರೇಟರ ಪರವಾನಗಿ ಮತ್ತೆ ಕಡ್ಡಾಯವಾಯಿತು. ಮುಂದಿನ ನೂರು ವರ್ಷಗಳಲ್ಲಿ ಕಷ್ಟ ಬೇರೆ ದಿಕ್ಕಿನಿಂದ ಬಂತು. ದೊಡ್ಡ ಕಂಪನಿಗಳು ಪಬ್‌ಗಳನ್ನು ಕೊಂಡು, ತಮ್ಮ ಕಾರ್ಖಾನೆಯ ಬಿಯರನ್ನು ಮಾತ್ರ ಮಾರುವಂತೆ ಕಟ್ಟಿಹಾಕಿದವು. 1970ರ ದಶಕದ ಆರಂಭದ ಹೊತ್ತಿಗೆ ತಮ್ಮದೇ ಏಲ್ ತಯಾರಿಸುವ ಹಳೆಯ ಪಬ್‌ಗಳು ನಾಲ್ಕೇ ಉಳಿದಿದ್ದವು: ಕಾರ್ನ್‌ವಾಲಿನ ಹೆಲ್‌ಸ್ಟನ್ ಊರಿನ ಬ್ಲೂ ಆಂಕರ್, ಶ್ರಾಪ್‌ಶೈರಿನ ತ್ರೀ ಟನ್ಸ್ ಮತ್ತು ಆಲ್ ನೇಷನ್ಸ್, ಬರ್ಮಿಂಗ್‌ಹ್ಯಾಮ್ ಬಳಿಯ ನೆದರ್‌ಟನ್ನಿನ ಓಲ್ಡ್ ಸ್ವಾನ್. 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಗ್ರಾಹಕರ ಸಂಘಟನೆ ಈ ಅಳಿವನ್ನು ತಡೆಯಲು ಹೋರಾಡಿತು. 2002ರಲ್ಲಿ ಸರ್ಕಾರ ವರ್ಷಕ್ಕೆ 5,000 ಹೆಕ್ಟೋಲೀಟರ್, ಅಂದರೆ 5 ಲಕ್ಷ ಲೀಟರ್ ಒಳಗೆ ತಯಾರಿಸುವವರಿಗೆ ಅಬಕಾರಿ ಸುಂಕವನ್ನು ಅರ್ಧಕ್ಕೆ ಇಳಿಸಿದ ಮೇಲೆ ಸಣ್ಣ ತಯಾರಕರು ನೂರಾರು ಸಂಖ್ಯೆಯಲ್ಲಿ ಬಂದರು. ಸಣ್ಣ ಅಂಗಡಿ ಬದುಕಲು ಸುಂಕದ ಪಟ್ಟಿಯಲ್ಲಿ ಅದಕ್ಕೊಂದು ಜಾಗ ಬೇಕು, ಮರ್ಯಾದೆಯಿಂದ ಬದುಕಲು ಊರಿನ ಒಪ್ಪಿಗೆ ಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಕೆಡುತ್ತದೆ ಎಂದು ಇಂಗ್ಲೆಂಡ್ ಎರಡು ಸಲ ನೋಡಿತು.

ಇದೆಲ್ಲ ಬಿಳಿಯರ ಸಂಪ್ರದಾಯ, ನಮಗೇಕೆ ಎನ್ನುವವರು ನಮ್ಮ ನೆಲವನ್ನೇ ಸ್ವಲ್ಪ ಕೆದಕಿ ನೋಡಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ನಡುವೆ ಹೆಂಡ ಮಾರುವುದೇ ಕಾಯಕವಾಗಿದ್ದ ಹೆಂಡದ ಮಾರಯ್ಯನಿಗೆ ಜಾಗವಿತ್ತು, ಅವನ ವಚನಗಳು ಇಂದಿಗೂ ಉಳಿದಿವೆ. ಮರ ಹತ್ತುವ ಈಡಿಗ, ಕರಾವಳಿಯ ಬಿಲ್ಲವ, ಕೊಂಕಣದ ಭಂಡಾರಿ, ಇವರೆಲ್ಲ ಇಳಿಸಿದ್ದನ್ನು ಅಲ್ಲೇ ಮಾರುತ್ತಿದ್ದವರು. ಈಚಲ ಹೆಂಡ, ತಾಳೆಯ ಕಳ್ಳು, ತೆಂಗಿನ ಶೇಂದಿ ಇವುಗಳ ಗುಣವೂ ಏಲ್‌ನಂಥದ್ದೇ. ಬೆಳಗ್ಗೆ ಸಿಹಿ, ಸಂಜೆಗೆ ಹದವಾದ ಅಮಲು, ಮರುದಿನಕ್ಕೆ ಹುಳಿ. ಮರದಿಂದ ಅಂಗಡಿಗೆ ನಡೆದುಹೋಗುವಷ್ಟೇ ದೂರ ಅದಕ್ಕೆ ಸಾಧ್ಯ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಕಳ್ಳಿಳಿಸುವ ಮೂರ್ತೆದಾರರ ಸಹಕಾರಿ ಸಂಘಗಳು ಇಂದಿಗೂ ಈ ವ್ಯವಸ್ಥೆಯನ್ನು ಉಳಿಸಿಕೊಂಡಿವೆ. ಗಡಿ ದಾಟಿ ಕಾಸರಗೋಡಿಗೆ ಹೋದರೆ ಕೇರಳದ ಕಳ್ಳಿನ ಶಾಪುಗಳು ಸಿಗುತ್ತವೆ. ಅಲ್ಲಿನ ಮೀನಿನ ಸಾರು, ಮರಗೆಣಸಿಗೆ ಕಳ್ಳಿನಷ್ಟೇ ಹೆಸರು. ಹತ್ತಿರದಲ್ಲೇ ತಯಾರಾದ, ಅಮಲು ಕಡಿಮೆಯ ಪಾನೀಯ, ಜೊತೆಗೆ ಊಟ, ಪರಿಚಿತರ ನಡುವೆ ಕೂತು ಮಾತು ಎಂದು ವಿವರಿಸಿದರೆ ಇಂಗ್ಲಿಷ್ ಹಳ್ಳಿಯವನು ತನ್ನ ಪಬ್ ಎಂದೇ ತಿಳಿದಾನು.

ಈ ವ್ಯವಸ್ಥೆಯನ್ನು ಪುಣೆಯ ಸುತ್ತಲಿನ ಸೀಮೆಯಲ್ಲಿ ಮುರಿದದ್ದು 1878ರ ಮುಂಬಯಿ ಅಬಕಾರಿ ಕಾಯಿದೆ. ಅದು ತಯಾರಿಕೆ ಮತ್ತು ಮಾರಾಟದ ಹಕ್ಕುಗಳನ್ನು ಸರ್ಕಾರದ ಹಿಡಿತಕ್ಕೆ ತಂದಿತು, ಹಳ್ಳಿಯ ಸಣ್ಣ ಭಟ್ಟಿಗಳ ಬದಲು ಕೇಂದ್ರ ಡಿಸ್ಟಿಲರಿಗಳನ್ನು ಮುಂದೆ ಮಾಡಿತು, ಹೆಂಡ ಇಳಿಸುವ ಮರಗಳ ಮೇಲಿನ ತೆರಿಗೆಯನ್ನು ಏರಿಸಿತು. ಸಾಲದೆಂಬಂತೆ 1892ರ ಇನ್ನೊಂದು ಕಾಯಿದೆ ಠಾಣೆ, ಕುಲಾಬಾ ಜಿಲ್ಲೆಗಳಲ್ಲಿ ಸಾರಾಯಿಗೆ ಬಳಸುವ ಇಪ್ಪೆ ಹೂವನ್ನು ಸಂಗ್ರಹಿಸಿಡುವುದಕ್ಕೇ ನಿರ್ಬಂಧ ಹಾಕಿತು. ಮುಂಬಯಿ ಪ್ರಾಂತ್ಯದ ಈ ಕಥೆಯನ್ನು ಅಧ್ಯಯನ ಮಾಡಿದ ಇತಿಹಾಸಕಾರ ಡೇವಿಡ್ ಹಾರ್ಡಿಮನ್, ಆದಿವಾಸಿಗಳ ಪಾಲಿಗೆ ವಾಡಿಕೆಯಾಗಿದ್ದದ್ದು ಹೇಗೆ ಅಪರಾಧವಾಯಿತು ಎಂಬುದನ್ನು ತೋರಿಸಿದ್ದಾರೆ. ಆಡಳಿತದ ದೃಷ್ಟಿಯಿಂದ ನೋಡಿದರೆ ಲೆಕ್ಕ ಸರಳ. ಸಾವಿರ ಮರಗಳಿಂದ, ನೂರು ಮಡಕೆಗಳಿಂದ ಸುಂಕ ಎತ್ತುವುದು ಕಷ್ಟ, ಒಂದು ಕಾರ್ಖಾನೆಯ ಬಾಗಿಲಲ್ಲಿ ನಿಂತು ಎತ್ತುವುದು ಸುಲಭ. ಆದರೆ ದೂರದ ಕಾರ್ಖಾನೆಯಿಂದ ಕೆಡದೆ ಬರಬಲ್ಲದ್ದು ಬಟ್ಟಿಯಿಳಿಸಿದ ಸಾರಾಯಿಯೇ ಹೊರತು ಹೆಂಡವಲ್ಲ. ಸುಂಕದ ಅನುಕೂಲ ನೋಡಿ ಮಾಡಿದ ಕಾಯಿದೆ ಹಳ್ಳಿಗನ ಕೈಗೆ ಹೆಚ್ಚು ಕಡುವಾದ ಪಾನೀಯವನ್ನು ಕೊಟ್ಟಿತು. ಕುಡಿತ ತಗ್ಗಿಸಲೆಂದು ಕಾಯಿದೆ ತಂದೆವೆಂದು ಆಗಿನ ಅಧಿಕಾರಿಗಳು ಹೇಳಿಕೊಂಡರೂ ಖಜಾನೆ ತುಂಬಿದ್ದಂತೂ ನಿಜ.

ಸ್ವಾತಂತ್ರ್ಯದ ನಂತರ ಬಂದ 1949ರ ಮುಂಬಯಿ ಪಾನನಿಷೇಧ ಕಾಯಿದೆ ಈ ಕಟ್ಟಡವನ್ನು ಕೆಡವಲಿಲ್ಲ, ಅದರ ಮೇಲೆ ಇನ್ನೊಂದು ಮಹಡಿ ಕಟ್ಟಿತು. 1960ರ ದಶಕದಲ್ಲಿ ನಿಷೇಧ ಸಡಿಲಾದರೂ ಕಾಯಿದೆ ಹಾಗೇ ಉಳಿಯಿತು. ಕಾಗದದ ಮೇಲೆ ಇಂದಿಗೂ ಮಹಾರಾಷ್ಟ್ರದಲ್ಲಿ ಕುಡಿಯುವವನು ಪರ್ಮಿಟ್ ಇಟ್ಟುಕೊಂಡಿರಬೇಕು. ವರ್ಷಕ್ಕೆ 100 ರೂಪಾಯಿ, ಜೀವಮಾನಕ್ಕೆ 1,000 ರೂಪಾಯಿ. ಈ ಕಾಯಿದೆಯ ಸಂದಿಯಲ್ಲಿ ಬೆಳೆದದ್ದೇ ಪರ್ಮಿಟ್ ರೂಮು ಎಂಬ ಬಾರ್. ಮುಂಬಯಿ, ಪುಣೆಗಳಲ್ಲಿ ಅದನ್ನು ನಡೆಸಿದವರಲ್ಲಿ ಉಡುಪಿ, ಮಂಗಳೂರು ಕಡೆಯಿಂದ ಹೋದ ಶೆಟ್ಟರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹೋಟೆಲ್ ಉದ್ಯಮದ ಶಿಸ್ತನ್ನು ಅವರು ಅಲ್ಲಿಗೂ ತಂದರು. ಆದರೆ ಅವರ ಕೈಗೆ ಬಂದದ್ದು ಸೀಲು ಮಾಡಿದ ಸೀಸೆ. ಅದರೊಳಗಿನದ್ದರ ಮೇಲೆ ಅವರಿಗೆ ಅಧಿಕಾರವೂ ಇಲ್ಲ, ಹೊಣೆಯೂ ಇಲ್ಲ. ಆ ಸೀಸೆಯನ್ನು ತುಂಬುವವರು ಬೆರಳೆಣಿಕೆಯ ಕಂಪನಿಗಳು. 2021ರ ಸೆಪ್ಟೆಂಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ, ದೊಡ್ಡ ಬಿಯರ್ ಕಂಪನಿಗಳು ವರ್ಷಗಟ್ಟಲೆ ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿ ಮಾಡಿದ್ದವೆಂದು ತೀರ್ಮಾನಿಸಿ ಸುಮಾರು 873 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಯ ಹಾದಿ ಹಿಡಿದವು. ತಯಾರಕ, ಮಾರುವವ, ಕುಡಿಯುವವ ಮೂವರೂ ಒಬ್ಬರಿಗೊಬ್ಬರು ಅಪರಿಚಿತರಾದ ಮಾರುಕಟ್ಟೆಯಲ್ಲಿ ಇಂಥ ಒಳಒಪ್ಪಂದಕ್ಕೆ ದಾರಿ ಸಲೀಸು.

ಬೆಲೆಯ ಲೆಕ್ಕ ಇನ್ನೂ ಕೆಟ್ಟದು. ಮಹಾರಾಷ್ಟ್ರದ ದೇಶೀ ದಾರೂವಿನಲ್ಲಿ ಆಲ್ಕೋಹಾಲ್ ಸುಮಾರು ಶೇ. 42.8. 180 ಮಿಲಿಲೀಟರಿನ ಒಂದು ಕ್ವಾರ್ಟರ್‌ನಲ್ಲಿ ಶುದ್ಧ ಆಲ್ಕೋಹಾಲ್ 77 ಮಿಲಿಲೀಟರ್. ಶೇ. 5ರ ಮೈಲ್ಡ್ ಬಿಯರಿನ 650 ಮಿಲಿಲೀಟರಿನ ಇಡೀ ಬಾಟಲಿಯಲ್ಲಿ ಇರುವುದು 32 ಮಿಲಿಲೀಟರ್ ಆಸುಪಾಸು. ಹೀಗಿದ್ದೂ ಕ್ವಾರ್ಟರ್ ಅಗ್ಗ, ಬಾಟಲಿ ದುಬಾರಿ. ದಿನಗೂಲಿಯವನಿಗೆ ಕಡಿಮೆ ಕಾಸಿಗೆ ಹೆಚ್ಚು ಅಮಲು ಯಾವುದರಲ್ಲಿ ಎಂದು ಸರ್ಕಾರವೇ ಬೆಲೆಪಟ್ಟಿಯಲ್ಲಿ ಬರೆದುಕೊಟ್ಟಂತಾಗಿದೆ. ಬಿಯರ್ ಕೊಳ್ಳುವವನೂ ಕೊಟ್ಟ ದುಡ್ಡಿಗೆ ಹೆಚ್ಚು ಅಮಲು ಸಿಗಲೆಂದು ಸ್ಟ್ರಾಂಗ್ ಕಡೆಗೇ ಕೈಚಾಚುತ್ತಾನೆ. ದೇಶದಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಸ್ಟ್ರಾಂಗ್ ಆಗಿರುವುದು ಇದೇ ಕಾರಣಕ್ಕೆ. ಕರ್ನಾಟಕದ ಅನುಭವವೂ ಬೇರೆಯಲ್ಲ. ಒಳನಾಡಿನ ಹೆಂಡದ ಅಂಗಡಿಗಳು ಮುಚ್ಚಿದವು, 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಕುಡಿತ ನಿಂತಿತೇ? ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು, ಅಬಕಾರಿ ವರಮಾನ ವರ್ಷದಿಂದ ವರ್ಷಕ್ಕೆ ಏರಿತು. ಬೀಗ ಬಿದ್ದದ್ದು ಹಳ್ಳಿಯ ಪಾನೀಯಕ್ಕೆ, ಚಟ ಎಲ್ಲಿತ್ತೋ ಅಲ್ಲೇ ಉಳಿಯಿತು.

ಇಲ್ಲಿಗೆ ಬಂದಾಗ ಅತ್ಯಂತ ಗಟ್ಟಿಯಾದ ಆಕ್ಷೇಪ ಎದ್ದು ನಿಲ್ಲುತ್ತದೆ. ಕುಡಿತದ ಪೆಟ್ಟು ಬೀಳುವುದು ಹೆಂಗಸರ ಮೇಲೆ, ಮಕ್ಕಳ ತಟ್ಟೆಯ ಮೇಲೆ. ಹಳ್ಳಿಗೆ ಇನ್ನೊಂದು ಅಂಗಡಿ ಕೊಡಿ ಎನ್ನುವುದು ಬೇಜವಾಬ್ದಾರಿಯಲ್ಲವೇ? 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ನಡೆದು ಬಂದದ್ದನ್ನು ಯಾರೂ ಹಗುರವಾಗಿ ಕಾಣಬಾರದು. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಪಾನನಿಷೇಧದತ್ತ ಸಾಗಬೇಕೆಂದು ಸಂವಿಧಾನದ 47ನೆಯ ವಿಧಿಯೂ ರಾಜ್ಯಕ್ಕೆ ಹೇಳುತ್ತದೆ. ಏಲ್ ಒಳ್ಳೆಯದು ಎಂಬುದು ನನ್ನ ವಾದವಲ್ಲ. ಕುಡಿತ ಇದ್ದೇ ಇರುವ ಸಮಾಜದಲ್ಲಿ ಅದು ಯಾವ ರೂಪದಲ್ಲಿರಬೇಕು, ಯಾರ ಕಣ್ಣೆದುರು ನಡೆಯಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಪೂರ್ಣ ನಿಷೇಧದ ಫಲವನ್ನು ಮಹಾರಾಷ್ಟ್ರವೇ ಕಂಡಿದೆ. ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ತಂದ ನಿಷೇಧವನ್ನು, ಕಳ್ಳ ಮದ್ಯ ಮತ್ತು ಅಪರಾಧ ಹೆಚ್ಚಿದವೆಂದು ಹೇಳಿ 2021ರಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಹೆಂಗಸರ ಮಾತಿಗೆ ಬೆಲೆ ಕೊಡುವ ಉತ್ತಮ ದಾರಿಯೂ ಅದೇ ರಾಜ್ಯದಲ್ಲಿದೆ. 2008ರ ಆದೇಶದ ಪ್ರಕಾರ ಊರಿನ ಮತದಾರರಲ್ಲಿ ಕಾಲು ಭಾಗ ಕೇಳಿಕೊಂಡರೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ ಎರಡು ಚಿತ್ರ. ಅರ್ಧಕ್ಕಿಂತ ಹೆಚ್ಚು ಹೆಂಗಸರು ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಈಗ ಇದು ಇರುವ ಅಂಗಡಿಯನ್ನು ಮುಚ್ಚಿಸುವ ಅಸ್ತ್ರ ಮಾತ್ರ. ಇದನ್ನೇ ತೆರೆಯುವ ಮುಂಚಿನ ಷರತ್ತಾಗಿ ಮಾಡಿದರೆ ಪಾನಗೃಹದ ಬೀಗದಕೈ ಹೆಂಗಸರ ಸೆರಗಿನಲ್ಲೇ ಇರುತ್ತದೆ. ದೂರದ ಡಿಸ್ಟಿಲರಿಯ ಮೇಲೆ ಯಾವ ಗ್ರಾಮಸಭೆಗೂ ಇಂಥ ಹಿಡಿತವಿಲ್ಲ.

ಎರಡನೆಯ ಆಕ್ಷೇಪ ಕಲಬೆರಕೆಯದು. ಹಳ್ಳಿಗೊಬ್ಬ ತಯಾರಕನಾದರೆ ಯಾರು ಪರೀಕ್ಷಿಸುತ್ತಾರೆ, ಕಳ್ಳಭಟ್ಟಿ ದುರಂತಗಳು ಸಾಲವೇ ಎಂದು ಕೇಳುತ್ತಾರೆ. 1981ರಲ್ಲಿ ಬೆಂಗಳೂರಿನಲ್ಲಿ, 2015ರಲ್ಲಿ ಮುಂಬಯಿಯ ಮಾಲವಣಿಯಲ್ಲಿ ಜನ ಸತ್ತದ್ದು ಹುದುಗಿಸಿದ ಧಾನ್ಯದಿಂದಲ್ಲ. ಇಂಥ ಸಾವುಗಳ ಹಿಂದೆ ಇರುವುದು ಕಾರ್ಖಾನೆ ಬಳಕೆಯ ಮೆಥನಾಲ್. ಅಗ್ಗದ ಅಮಲಿನ ಆಸೆಗೆ ಅದನ್ನು ಕಳ್ಳಸಾರಾಯಿಗೆ ಬೆರೆಸುತ್ತಾರೆ. ತೆಲಂಗಾಣದಲ್ಲಿ ಕಳ್ಳಿಗೆ ಆಲ್ಪ್ರಜೋಲಾಂ ಎಂಬ ಮತ್ತಿನ ಔಷಧ ಬೆರೆಸಿದ ಪ್ರಕರಣಗಳು ಬಯಲಾದದ್ದೂ ನಿಜ. ಅದರ ಮೂಲವನ್ನು ಗಮನಿಸಬೇಕು. ಇರುವ ಮರಗಳು ಕೊಡುವುದಕ್ಕಿಂತ ಹೆಚ್ಚು ಕಳ್ಳು ಮಾರಬೇಕಾದಾಗ, ಮರ ಯಾವುದೋ ಅಂಗಡಿ ಯಾವುದೋ ಆದಾಗ ಕಲಬೆರಕೆ ಹುಟ್ಟುತ್ತದೆ. 500 ಲೀಟರಿನ ಹಂಡೆ ಕಣ್ಣೆದುರೇ ಇದ್ದರೆ ಎಷ್ಟು ತಯಾರಾಯಿತು, ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ಅಬಕಾರಿ ಇನ್ಸ್‌ಪೆಕ್ಟರಿಗೂ ಗೊತ್ತಾಗುತ್ತದೆ, ಗಿರಾಕಿಗೂ ಗೊತ್ತಾಗುತ್ತದೆ. ಪುಣೆಯ ಬ್ರೂಪಬ್‌ಗಳು 2009ರಿಂದ ಇಂಥ ಲೆಕ್ಕಾಚಾರದ ಅಡಿಯಲ್ಲೇ ನಡೆಯುತ್ತಿವೆ. ಅಲ್ಲಿ ಇಲಾಖೆಗೆ ಸಾಧ್ಯವಾದ ತಪಾಸಣೆ ಶಿರೂರಿನಲ್ಲಿ ಸಾಧ್ಯವಾಗದು ಎನ್ನಲು ಕಾರಣವಿಲ್ಲ.

ಮೂರನೆಯದು ಸ್ವಲ್ಪ ಸೂಕ್ಷ್ಮವಾದ ಆಕ್ಷೇಪ. ಇದೆಲ್ಲ ಐಟಿ ಕಂಪನಿಯ ಸಂಬಳ ಎಣಿಸುವವರ ಹಂಬಲ. ಒಂದು ಗ್ಲಾಸಿನ ಬೆಲೆ ಕೃಷಿ ಕೂಲಿಯವನ ಒಂದು ದಿನದ ದುಡಿಮೆಗೆ ಸಮವಾಗಿರುವಾಗ ಹಳ್ಳಿಯ ಮಾತೇಕೆ ಎಂದು ಕೇಳಬಹುದು. ನಿಜ, ಇಂದಿನ ಬ್ರೂಪಬ್ ದುಬಾರಿ. ಆ ಬೆಲೆಯಲ್ಲಿ ಏಲ್‌ನ ಪಾಲು ಕಡಿಮೆ. ಪರವಾನಗಿ ಶುಲ್ಕ, ನಗರದ ಬಾಡಿಗೆ, ಆಮದು ಯಂತ್ರ, ಹೊರದೇಶದ ಮಾಲ್ಟ್ ಮತ್ತು ಹಾಪ್ಸ್ ಇವೆಲ್ಲ ಅದರಲ್ಲಿ ಸೇರಿವೆ. ಶುಲ್ಕವನ್ನು ದೊಡ್ಡ ಹೋಟೆಲಿನ ಅಳತೆಗೆ ಹೊಲಿದರೆ ಅದನ್ನು ತೊಡುವವನೂ ದೊಡ್ಡ ಹೋಟೆಲಿನವನೇ ಆಗಿರುತ್ತಾನೆ. ಮಹಾರಾಷ್ಟ್ರ ಮನಸ್ಸು ಮಾಡಿದರೆ ಬೇರೆ ರೀತಿಯಲ್ಲೂ ನಡೆಯಬಲ್ಲದು. 2001ರಲ್ಲಿ ದ್ರಾಕ್ಷಿ ಸಂಸ್ಕರಣೆ ನೀತಿ ತಂದು ವೈನಿನ ಅಬಕಾರಿ ಸುಂಕ ಮನ್ನಾ ಮಾಡಿದ್ದರಿಂದಲೇ ನಾಸಿಕ ವೈನಿನ ಊರಾಯಿತು. ದ್ರಾಕ್ಷಿ ಬೆಳೆಗಾರನಿಗೆ ಸಿಕ್ಕ ರಿಯಾಯಿತಿ ಸಜ್ಜೆ, ರಾಗಿ ಬೆಳೆಗಾರನಿಗೇಕೆ ಇಲ್ಲ? ಹಸಿದವರ ಧಾನ್ಯವನ್ನು ಕುಡಿಯಲು ಬಳಸುವುದೇ ಎಂಬ ನೈತಿಕ ಪ್ರಶ್ನೆಗೂ ಉತ್ತರವಿದೆ. ಧಾನ್ಯದಿಂದ ಮದ್ಯ ಬಟ್ಟಿಯಿಳಿಸುವ ಭಾರಿ ಡಿಸ್ಟಿಲರಿಗಳಿಗೆ ಸಹಾಯಧನ ಕೊಡಲು ಅದೇ ಸರ್ಕಾರ 2007ರಲ್ಲಿ ಮುಂದಾದಾಗ ಎದ್ದ ವಿರೋಧ ನ್ಯಾಯವಾಗಿಯೇ ಇತ್ತು. ತಿಂಗಳಿಗೆ ಕೆಲವು ಮೂಟೆ ಬಳಸುವ ಹಳ್ಳಿಯ ಹಂಡೆಯನ್ನು ಆ ಕಾರ್ಖಾನೆಗಳ ಪಕ್ಕ ನಿಲ್ಲಿಸಿ ತೂಗಿದರೆ ಅದು ಅಳತೆ ತಪ್ಪಿದ ಮಾತಾದೀತು.

ಇನ್ನು ಖಜಾನೆಯ ಆತಂಕ. ಅಬಕಾರಿ ಕುಸಿದರೆ ಯೋಜನೆಗಳಿಗೆ ದುಡ್ಡೆಲ್ಲಿ ಎಂದು ಯಾವ ಪಕ್ಷದ ಸರ್ಕಾರವಾದರೂ ಕೇಳುತ್ತದೆ. ಪಾನೀಯದ ಹೆಸರು, ಬಾಟಲಿಯ ಗಾತ್ರ ನೋಡಿ ಸುಂಕ ಹಾಕುವುದನ್ನು ಬಿಟ್ಟು ಅದರಲ್ಲಿರುವ ಆಲ್ಕೋಹಾಲಿನ ಪ್ರಮಾಣಕ್ಕೆ ಸುಂಕ ಹಾಕಿದರೆ ಒಟ್ಟು ವರಮಾನ ಕುಸಿಯಬೇಕಿಲ್ಲ. ಬ್ರಿಟನ್ 2023ರಲ್ಲಿ ತನ್ನ ಸುಂಕ ಪದ್ಧತಿಯನ್ನು ಈ ತತ್ತ್ವದ ಮೇಲೆಯೇ ತಿದ್ದಿತು. ಕಡುವಾದದ್ದು ತುಟ್ಟಿಯಾಗಿ ಹಗುರವಾದದ್ದು ಅಗ್ಗವಾದರೆ ಕುಡಿಯುವವರಲ್ಲಿ ಒಂದಷ್ಟು ಮಂದಿ ತಾವಾಗಿಯೇ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾರೆ. ಹಾಗೆ ಮಾಡುವಾಗ ಒಂದು ಅಪಾಯವನ್ನು ಒಪ್ಪಿಕೊಳ್ಳಬೇಕು. ದೇಶೀ ದಾರೂವಿನ ಬೆಲೆಯನ್ನು ಒಮ್ಮೆಲೇ ಏರಿಸಿದರೆ ಜನ ಕಳ್ಳಭಟ್ಟಿಗೆ ತಿರುಗಿಯಾರು. ಆದ್ದರಿಂದ ಬದಲಿ ಅಂಗಡಿ ಮೊದಲು ಬರಬೇಕು, ಸುಂಕದ ಏರಿಕೆ ಹಂತಹಂತವಾಗಿ ಅದರ ಹಿಂದೆ ಬರಬೇಕು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರೆ ಎಂಬ ಗಾದೆಯ ಭಯದಿಂದ ನಮ್ಮ ರಾಜಕಾರಣಿಗಳು ಈ ವಿಷಯವನ್ನು ಬಹಿರಂಗವಾಗಿ ಚರ್ಚಿಸುವುದಿಲ್ಲ. ಚರ್ಚೆಯಿಲ್ಲದ ಕಡೆ ನೀತಿ ಬರೆಯುವವರು ಸುಂಕ ಲೆಕ್ಕ ಹಾಕುವ ಗುಮಾಸ್ತರು ಮತ್ತು ದೊಡ್ಡ ಕಂಪನಿಯ ಪ್ರತಿನಿಧಿಗಳು. ಬೇಕಾದದ್ದು ಕ್ರಾಂತಿಯಲ್ಲ. ಪುಣೆ ಜಿಲ್ಲೆಯ ಒಂದೆರಡು ತಾಲ್ಲೂಕುಗಳಲ್ಲಿ, ಹೆಂಗಸರ ಮತದಾನದಲ್ಲಿ ಒಪ್ಪಿಗೆ ಸಿಕ್ಕ ಊರುಗಳಲ್ಲಿ ಮಾತ್ರ, ರೈತರ ಅಥವಾ ಸ್ವಸಹಾಯ ಸಂಘಗಳ ಸಹಕಾರಿಗೆ ಕಡಿಮೆ ಶುಲ್ಕದ ಪರವಾನಗಿ ಕೊಡಲಿ. ಹಂಡೆಯ ಗಾತ್ರಕ್ಕೆ ಮಿತಿ ಇರಲಿ, ಆಲ್ಕೋಹಾಲ್ ಶೇ. 5 ಮೀರದಿರಲಿ, ಧಾನ್ಯದಲ್ಲಿ ಅರ್ಧವಾದರೂ ಅದೇ ತಾಲ್ಲೂಕಿನದಾಗಿರಲಿ, ಕೂತು ಕುಡಿಯುವುದಕ್ಕೆ ಮಾತ್ರ ಅವಕಾಶವಿರಲಿ. ಐದು ವರ್ಷಗಳ ನಂತರ ಅದೇ ಹೆಂಗಸರು ಮತ್ತೆ ಮತ ಹಾಕಲಿ. ಆ ಊರುಗಳಲ್ಲಿ ದೇಶೀ ದಾರೂವಿನ ಮಾರಾಟ, ಪೊಲೀಸ್ ಠಾಣೆಯ ದೂರುಗಳು, ಆಸ್ಪತ್ರೆಯ ದಾಖಲೆಗಳು ಏನು ಹೇಳುತ್ತವೆ ಎಂಬುದನ್ನು ಪಕ್ಕದ ಊರುಗಳ ಜೊತೆಗಿಟ್ಟು ನೋಡಲಿ. ಪ್ರಯೋಗ ಸೋತರೆ ಪರವಾನಗಿ ರದ್ದಾಗುತ್ತದೆ, ಅಷ್ಟೇ. 1878ರಲ್ಲಿ ಶುರುವಾದ ಪ್ರಯೋಗ ಸೋತು ಎಷ್ಟೋ ಕಾಲವಾಯಿತು, ಅದನ್ನು ರದ್ದು ಮಾಡುವ ಧೈರ್ಯವನ್ನು ಮಾತ್ರ ಯಾವ ಸರ್ಕಾರವೂ ಇನ್ನೂ ತೋರಿಸಿಲ್ಲ.